‘ಮಾನ್ಯರೇ’ ಎಂಬ ಬೈಗುಳ

ಕೊರೊಬುಗು
ನವೆಂಬರ್ ೧೨

ಈರುಳ್ಳಿ ಮುಖದ ಯಾತಿಮೆಗೆ,

ಕಾಗದ ನೋಡಿ ಗಾಬರಿಯಾಗಬೇಡ, ನಾನಿನ್ನೂ ಸತ್ತಿಲ್ಲ. ಫೋನ್ ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀಯ. ಮೂರು ಸಲ ನೋಡಿದೆ. ಕಾಗದಕ್ಕೆ ಮೀಟಿಂಗಿನ ಕಾಟವಿಲ್ಲ, ಬಮಾಕೊ ಬಸ್ಸಿನ ಡ್ರೈವರ್ ನಿನ್ನ ಕೈಗೇ ಕೊಡುತ್ತಾನೆ. ನಲವತ್ತು ವರ್ಷ ದೋಣಿ ಕಟ್ಟೆಯಲ್ಲಿ ಚೀಟಿ ಬರೆದ ಕೈ ಇದು, ಅಕ್ಷರ ಇನ್ನೂ ಕೆಟ್ಟಿಲ್ಲ.

ನಿನ್ನ ಯಂತ್ರ ನನ್ನ ಬಾಯಿಗೆ ಬೀಗ ಹಾಕಿದೆ. ಜಗಳ ಇರುವವರು ಜಗಳವಾಡದೆ ಮಾತಾಡಲಿ ಎಂದು ಆ ಆ್ಯಪ್ ಮಾಡಿದ್ದೀಯಂತೆ. ನಿಮ್ಮ ದೋಗೋನ್ ಜನರ ಊರುಗಳಲ್ಲಿ ಗಂಡಸರು ಕೂತು ಮಾತಾಡುವ ತಗ್ಗು ಸೂರಿನ ಕಟ್ಟೆಯ ಹೆಸರೇ ಅದಕ್ಕೂ ಇಟ್ಟಿದ್ದೀಯ, ತೋಗುನಾ ಎಂದು. ಸಿಟ್ಟಿನಿಂದ ಎದ್ದವನ ತಲೆ ಸೂರಿಗೆ ಬಡಿಯುತ್ತದೆ, ಉಜ್ಜಿಕೊಂಡು ಮತ್ತೆ ಕೂರುತ್ತಾನೆ. ಒಳ್ಳೆಯ ಕಟ್ಟೆ, ನಾನೂ ಕೂತಿದ್ದೇನೆ. ಆದರೆ ಹುಡುಗೀ, ಆ ಸೂರು ತಾಗುವುದು ತಲೆಗೆ, ಬಾಯಿಗಲ್ಲ.

ಈ ವರ್ಷ ಹಳ್ಳದ ನೀರಿನ ಮಾತುಕತೆಯೆಲ್ಲ ತೋಗುನಾದಲ್ಲೇ ಆಗಲಿ ಎಂದು ಊರ ಮುಖಂಡ ಹೇಳಿದ. ನಿನ್ನ ಅಣ್ಣ ಓಗೊಬಾರಾ, ಈರುಳ್ಳಿ ಮಡಿಗೆ ಪಂಪು ಯಾವಾಗ ಹಚ್ಚಲಿ ಎಂದು ಕೇಳಿದ. ನಾನು ಬರೆದೆ: ‘ಲೋ ಜೀತದವನೇ, ನಿನ್ನ ಒಡೆಯ ಇನ್ನೂ ಮೀನು ಹಿಡಿದಿಲ್ಲ, ನಿನಗೇನೋ ಅವಸರ? ಬಂಡೆ ಮೇಲೆ ಹಲ್ಲಿ ತಿಂದು ಬೆಳೆದವರು ನೀವು, ನೀರು ಕಂಡ್ರೆ ಹುಚ್ಚೇ ಹಿಡಿಯುತ್ತೆ ನಿಮಗೆ.’ ಇದರಲ್ಲಿ ಏನು ತಪ್ಪಿದೆ? ಪ್ರತಿ ವರ್ಷ ನಿಮ್ಮಪ್ಪನಿಗೆ ಹೇಳುತ್ತಿದ್ದುದೂ ಇದನ್ನೇ. ಯಂತ್ರ ಕೆಂಪು ದೀಪ ಹಚ್ಚಿ, ‘ಇದನ್ನು ಹೀಗೆ ಹೇಳಬಹುದೇ: ಮಾನ್ಯರೇ, ಮೀನುಗಾರಿಕೆ ಮುಗಿಯುವವರೆಗೆ ದಯವಿಟ್ಟು ಕಾಯಿರಿ’ ಎಂದಿತು. ಥೂ! ನಾನು ಒಲ್ಲೆ ಎಂದು ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒಲ್ಲೆ ಎಂದೆ. ಮೂರನೆಯ ಸಲಕ್ಕೆ ನೂರು ದಿನ ಮಾತಾಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತು.

ಮೀನು ಹಿಡಿಯುವ ಬೋಜೊ ಜನದ ಎಪ್ಪತ್ತೊಂದು ವರ್ಷದ ಮುದುಕ ನಾನು. ನನ್ನ ಜೀತದವಳ ಯಂತ್ರ ನನಗೆ ಸುಮ್ಮನಿರು ಎನ್ನುತ್ತದೆ. ಮೊದಲು ಆ ಬೀಗ ತೆಗೆ.

ನಿನ್ನ ಒಡೆಯ,
ಲಾಸಿನಾ ಕರಾಬೆಂತಾ


ಬಮಾಕೊ
ನವೆಂಬರ್ ೨೪

ಮಾನ್ಯ ಲಾಸಿನಾ ಕರಾಬೆಂತಾ ಅವರಿಗೆ,

ತಮ್ಮ ಪತ್ರ ತಲುಪಿತು. ತಮಗಾದ ತೊಂದರೆಗೆ ವಿಷಾದಿಸುತ್ತೇನೆ. ತೋಗುನಾದ ನಿಯಮಗಳು ಎಲ್ಲರಿಗೂ ಒಂದೇ. ಯಾರೊಬ್ಬರ ನಿಷೇಧವನ್ನೂ ನಾನೊಬ್ಬಳೇ ತೆಗೆಯಲು ಬರುವುದಿಲ್ಲ.

ತಮಗೆ ಇದು ತಮಾಷೆಯಾಗಿ ಕಾಣಬಹುದು, ನನಗೆ ಕಾಣುವುದಿಲ್ಲ. ನಾನು ರೇಡಿಯೋದಲ್ಲಿದ್ದಾಗ ಒಂದು ಸಂತೆ ಫೋನಿನಲ್ಲಿ ಹರಡಿದ ಒಂದೇ ಮಾತಿಗೆ ಹೊತ್ತಿ ಉರಿಯಿತು. ಮರುದಿನ ಮೈಕು ಹಿಡಿದು ಹೋದವಳು ನಾನು. ಸುಟ್ಟ ಅಂಗಡಿಯ ಮುಂದೆ ಕೂತಿದ್ದ ಒಬ್ಬ ಹೆಂಗಸು, ‘ಮೊದ್ಲು ಆ ಮಾತನ್ನ ಯಾರೋ ನಗಿಸೋಕೆ ಅಂದಿದ್ದಂತೆ ಕಣಮ್ಮ’ ಎಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ತಮ್ಮ ಬಾಯಿಂದ ಬಂದಾಗ ಆಟವಾದ ಮಾತು ಇನ್ನೊಬ್ಬನ ಬಾಯಿಂದ ಬಂದಾಗ ಕತ್ತಿಯಾಗುತ್ತದೆ. ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯದು. ಆದ್ದರಿಂದ ಎರಡನ್ನೂ ತಡೆದಿದ್ದೇವೆ.

ತಾವು ಹಿರಿಯರು. ಹಿರಿಯರೇ ಮೊದಲು ನಾಲಿಗೆ ಬಿಗಿ ಹಿಡಿದರೆ ಕಿರಿಯರು ಕಲಿಯುತ್ತಾರೆ. ದಯವಿಟ್ಟು ಸಹಕರಿಸಿ.

ಇತಿ ತಮ್ಮ ವಿಶ್ವಾಸಿ,
ಯಾತಿಮೆ ಗಿಂದೋ


ಕೊರೊಬುಗು
ಡಿಸೆಂಬರ್ ೬

ಯಾತಿಮೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ, ಡ್ರೈವರ್ ಬೇರೆ ಯಾರದೋ ಕಾಗದ ಕೊಟ್ಟುಬಿಟ್ಟ ಎಂದುಕೊಂಡೆ.

‘ಮಾನ್ಯ’ ಅಂತೆ! ‘ತಾವು’ ಅಂತೆ! ನೀನು ಹಲ್ಲು ಬರುವ ಮೊದಲೇ ನನಗೆ ‘ಮೀನು ನಾತದ ಮುದುಕ’ ಎಂದವಳು. ನಿಮ್ಮಪ್ಪ ಅದನ್ನು ಕೇಳಿ ಖುಷಿಗೆ ನಿನ್ನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿದ. ಈಗ ನನ್ನನ್ನು ಕಚೇರಿಗೆ ಬಂದ ಅರ್ಜಿಯವನ ಹಾಗೆ ಮಾತಾಡಿಸುತ್ತೀಯ. ನಿನಗೆ ನೆನಪಿಲ್ಲವೆಂದು ಹೇಳುತ್ತಿದ್ದೇನೆ: ಬೋಜೊಗಳ ಅಜ್ಜ ತನ್ನ ತೊಡೆ ಕೊಯ್ದು ದೋಗೋನರ ಅಜ್ಜನ ಹಸಿದ ಮಗುವಿಗೆ ತಿನ್ನಿಸಿದ ದಿನದಿಂದ ನಾವಿಬ್ಬರೂ ಒಬ್ಬರ ರಕ್ತ ಒಬ್ಬರು ಚೆಲ್ಲುವ ಹಾಗಿಲ್ಲ. (ತೊಡೆ ಕೊಯ್ದದ್ದು ನಿಮ್ಮಜ್ಜ ಎಂದು ನಿಮ್ಮಪ್ಪ ಸಾಯುವ ತನಕ ಸುಳ್ಳು ಹೇಳಿದ.) ಆ ಆಣೆ ಇನ್ನೂ ಇದೆ ಎಂದು ದಿನಾ ಗೊತ್ತಾಗುವುದು ಹೇಗೆ? ಬೈಗುಳದಿಂದ. ನಾನು ನಿನ್ನನ್ನು ಜೀತದವಳೇ ಎನ್ನಬೇಕು, ನೀನು ನನ್ನನ್ನು ಜೀತದವನೇ ಎನ್ನಬೇಕು. ಬೈದರೆ ಎಲ್ಲ ಸರಿಯಿದೆ ಎಂದರ್ಥ. ಬೋಜೊ ಒಬ್ಬ ದೋಗೋನನಿಗೆ ಮಾನ್ಯರೇ ಎಂದ ದಿನ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕು.

ನಿಮ್ಮಪ್ಪ ದೊಮೊ ಸತ್ತ ದಿನ ನೀನು ಅಲ್ಲಿದ್ದೆ. ಹೆಣದ ಪಕ್ಕ ನಾನು ಮಲಗಿಬಿಟ್ಟೆ. ‘ಏಳೋ ಸೋಮಾರಿ! ನನ್ನ ಬಲೆ ಒಗೆಯೋ ಕೆಲಸ ತಪ್ಪಿಸೋಕೆ ಸತ್ತಂಗೆ ನಾಟಕ ಆಡ್ತಿದ್ದೀಯಾ?’ ಎಂದು ಕೂಗಿದೆ. ಬೆಳಗಿನಿಂದ ಕಲ್ಲಾಗಿ ಕೂತಿದ್ದ ನಿಮ್ಮವ್ವ ಫಕ್ಕನೆ ನಕ್ಕಳು, ಆಮೇಲೆ ಅತ್ತಳು. ಅವಳಿಗೆ ಅಳು ಬಂದದ್ದೇ ಆಗ. ಆ ದಿನ ನಾನು ‘ಮಾನ್ಯರೇ, ತೀವ್ರ ಸಂತಾಪ’ ಎಂದಿದ್ದರೆ ಅವಳ ಎದೆ ಒಡೆದುಹೋಗುತ್ತಿತ್ತು.

ಇಲ್ಲಿ ಯಾರೂ ಬೈಯುತ್ತಿಲ್ಲ. ನನ್ನ ಮಗ ಬ್ರೆಹಿಮಾ, ನನ್ನ ಗತಿ ತನಗೂ ಬಾರದಿರಲಿ ಎಂದು, ಯಂತ್ರ ಹೇಳಿಕೊಟ್ಟದ್ದನ್ನೇ ಒತ್ತುತ್ತಾನೆ. ನಿನ್ನ ಅಣ್ಣನೂ ಅಷ್ಟೇ. ನೀರು ಇಳಿಯುತ್ತಿದೆ. ನನಗೆ ಭಯವಾಗುತ್ತಿದೆ, ಯಾತಿಮೆ.

ಒಂದೇ ಒಂದು ಪ್ರಶ್ನೆ. ‘ಬಂಡೆಯ ಹಲ್ಲಿ’ ಎಂದರೆ ಬೈಗುಳ ಎಂದು ಬಮಾಕೊದ ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ಆ ಮಾತನ್ನು ಹುಟ್ಟಿಸಿದವನು ನಾನು. ನಿಮ್ಮ ಅಂಗಳ ಬಿಟ್ಟು ಬೇರೆಲ್ಲೂ ಆಡಿದವನಲ್ಲ.

ಲಾಸಿನಾ


ಬಮಾಕೊ
ಡಿಸೆಂಬರ್ ೨೭

ಲಾಸಿನಾ ಅವರಿಗೆ,

ನಾನೇ ಹೇಳಿಕೊಟ್ಟದ್ದು.

ನಮ್ಮ ಕಡೆಯ ಬೈಗುಳಗಳ ಪಟ್ಟಿ ಬೇಕು ಎಂದು ಕಚೇರಿಯಲ್ಲಿ ಕೇಳಿದರು. ನಾನೊಂದು ವಾರ ಕೂತು ಬರೆದೆ. ಯಾರನ್ನೂ ಕೇಳಬೇಕಾಗಲಿಲ್ಲ. ಕಣ್ಣು ಮುಚ್ಚಿದರೆ ನಮ್ಮ ಅಂಗಳ, ನೀವು ಬಾಗಿಲಲ್ಲಿ ನಿಂತು ಅಪ್ಪನನ್ನು ಕರೆಯುತ್ತಿದ್ದುದು, ಅಪ್ಪ ಒಳಗಿಂದಲೇ ತಿರುಗಿಸಿ ಕೊಡುತ್ತಿದ್ದುದು. ಒಂದೊಂದೇ ಬರೆದುಕೊಂಡೆ. ಬರೆಯುವಾಗ ನಗು ಬರುತ್ತಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಇದು ಆಟದ ಮಾತು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಈಗ ನೀವು ನನ್ನನ್ನು ಏನಾದರೂ ಅನ್ನಿ. ಆದರೆ ನನಗೂ ಸಿಟ್ಟಿದೆ, ಕೇಳಿ. ಎಲ್ಲರಿಗೂ ಲಾಸಿನಾ ಇರುವುದಿಲ್ಲ. ಸಂತೆ ಸುಟ್ಟ ಊರಿನಲ್ಲೂ ಇಂಥ ಆಣೆಗಳಿದ್ದವು, ಅಜ್ಜಂದಿರ ತೊಡೆಗಳಿದ್ದವು. ಉಳಿದದ್ದು ಬೂದಿ. ನಿಮ್ಮ ಆಟಕ್ಕೋಸ್ಕರ ತನ್ನ ಅಂಗಡಿ ಸುಡಲಿ ಎಂದು ಆ ಹೆಂಗಸು ಕೇಳಿರಲಿಲ್ಲ.

ಮತ್ತೆ ನಿಮ್ಮ ಭಯ ಸುಳ್ಳು. ಹೋದ ವಾರ ಬ್ರೆಹಿಮಾ ನಮ್ಮ ಅಣ್ಣನಿಗೆ ಬರೆದದ್ದನ್ನು ನಾನು ನೋಡಿದೆ: ‘ಮಾನ್ಯ ಓಗೊಬಾರಾ ಗಿಂದೋ ಅವರೇ, ಹಳ್ಳದ ನೀರು ತೀರಾ ಇಳಿದಿರುವುದರಿಂದ ತಮ್ಮ ಪಂಪನ್ನು ನಿಲ್ಲಿಸಬೇಕಾಗಿ ವಿನಂತಿ.’ ಅಣ್ಣ ಉತ್ತರಿಸಿದ: ‘ಗೌರವಾನ್ವಿತ ಬ್ರೆಹಿಮಾ ಅವರೇ, ತಮ್ಮ ವಿನಂತಿಯನ್ನು ಪರಿಶೀಲಿಸಲಾಗುವುದು.’ ಎರಡಕ್ಕೂ ತೋಗುನಾದ ಮೆಚ್ಚುಗೆಯ ಗುರುತು, ಹಸಿರು ಎಲೆ ಬಂತು. ಕಚೇರಿಯ ದೊಡ್ಡವರ ಸಭೆಯಲ್ಲಿ ಅದನ್ನೇ ಗೋಡೆಯ ಮೇಲೆ ತೋರಿಸಿ, ಭಿನ್ನಾಭಿಪ್ರಾಯ ಇರುವವರು ಹೀಗೆ ಮಾತಾಡಬೇಕು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಯಾತಿಮೆ


ಕೊರೊಬುಗು
ಜನವರಿ ೧೪

ಯಾತಿಮೆ,

ನಿನ್ನ ಹಸಿರು ಎಲೆಯ ಕಥೆ ಕೇಳು.

ಬ್ರೆಹಿಮಾನ ಆ ‘ಮಾನ್ಯ’ ಬಂದ ದಿನ ಓಗೊಬಾರಾ ಅದನ್ನು ಹೆಂಡತಿಗೆ ಓದಿ ಹೇಳಿದ. ಅವಳು ಮಕ್ಕಳ ಬಟ್ಟೆ ಗಂಟು ಕಟ್ಟಿ ತವರಿಗೆ ಹೊರಟಳು. ಓಗೊಬಾರಾ ಕತ್ತಿ ಮಸೆದು ಪಂಪಿನ ಹತ್ತಿರ ಕೂತ. ಓಗೊಬಾರಾನ ಉತ್ತರ ಬಂದಾಗ ನನ್ನ ಮನೆಯಲ್ಲೂ ಅದೇ ಆಯಿತು. ‘ಪರಿಶೀಲಿಸ್ತಾನಂತೆ! ಅಪ್ಪಾ, ಅವ್ನು ಆಣೆ ಮುರ್ದ’ ಎಂದ ಬ್ರೆಹಿಮಾ. ಮೂರು ದಿನ ಬಿಟ್ಟು ನಮ್ಮ ಬಲೆಗಳನ್ನು ಯಾರೋ ಕೊಯ್ದು ಹಾಕಿದ್ದರು. ಅದರ ಮರುದಿನ ನಿಮ್ಮ ಪಂಪು ಹಳ್ಳದ ತಳದಲ್ಲಿತ್ತು. ನಿನ್ನೆ ಇಬ್ಬರೂ ದಡದ ಆಚೆ ಈಚೆ ನಿಂತಿದ್ದರು, ಬರಿಗೈಯಲ್ಲಿ ಅಲ್ಲ.

ಅದು ಯಂತ್ರ ಬರೆಸಿದ ಮಾತು ಎಂದು ಇಬ್ಬರಿಗೂ ಗೊತ್ತಲ್ಲ ಎನ್ನುತ್ತೀಯ. ಮೊದಲ ವಾರ ಗೊತ್ತಿತ್ತು. ಆರನೇ ವಾರಕ್ಕೆ ಯಾವುದು ಯಂತ್ರದ್ದು, ಯಾವುದು ಹೊಟ್ಟೆಯೊಳಗಿನದು ಎಂದು ಯಾರಿಗೂ ತಿಳಿಯಲಿಲ್ಲ. ಎದುರು ಸಿಕ್ಕಾಗ ಬೈಯಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಮಾನ್ಯರೇ ಎಂದವನ ಮುಖಕ್ಕೆ ಬೈಯಲು ನಾಲಿಗೆ ಏಳುವುದಿಲ್ಲ, ಪ್ರಯತ್ನಪಟ್ಟು ನೋಡು.

ನನ್ನ ಬಾಯನ್ನೇ ಕದ್ದುಕೊಂಡು ಹೋಗಿ ಪಟ್ಟಿ ಮಾಡಿದೆಯಲ್ಲ, ನಿನಗೆ ನಾಚಿಕೆಯಾಗಬೇಕು. ಬೈಗುಳ ಎಲ್ಲರ ಮನೆಗೆ ಬೆಂಕಿ ಹಚ್ಚುವುದಿಲ್ಲ. ನಮ್ಮ ಎರಡು ಮನೆಗಳಲ್ಲಿ ಅದು ಬೆಂಕಿಯ ಮೇಲಿನ ನೀರು. ನೀನು ನೀರನ್ನೇ ಹೊತ್ತುಕೊಂಡು ಹೋದೆ.

ನಾಳೆ ಬೆಳಿಗ್ಗೆ ನಾನೇ ದೋಣಿ ಹಾಕಿಕೊಂಡು ನಿಮ್ಮ ಅಣ್ಣನ ಮಡಿಯ ಮುಂದೆ ಹೋಗಿ ನಿಲ್ಲುತ್ತೇನೆ. ಈ ಚಳಿಗಾಳಿಯಲ್ಲಿ ಬೇಡ ಎಂದು ಬ್ರೆಹಿಮಾ ಅಡ್ಡ ನಿಂತಿದ್ದಾನೆ. ನಿಂತುಕೊಂಡಿರಲಿ.

ಲಾಸಿನಾ


ಕೊರೊಬುಗು
ಜನವರಿ ೨೫

ಈರುಳ್ಳಿ ಮುಖದವಳೇ,

ನಿನ್ನಿಂದ ಕಾಗದ ಬರಲಿಲ್ಲ. ಪರವಾಗಿಲ್ಲ, ನಾನೇ ಬರೆಯುತ್ತೇನೆ. ಅಕ್ಷರ ಸ್ವಲ್ಪ ಸೊಟ್ಟಗಿದೆ, ಓದಿಕೋ.

ಮೂರು ದಿನ ಹಳ್ಳದ ನಡುವೆ ದೋಣಿಯಲ್ಲಿ ನಿಂತು ನಿಮ್ಮ ಅಣ್ಣನನ್ನು ಬೈದೆ. ಬೆಳಿಗ್ಗೆಯಿಂದ ಬಿಸಿಲಿಳಿಯುವವರೆಗೆ. ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಧೂಳು ಗಂಟಲಿಗೆ ಇಳಿಯುತ್ತಿತ್ತು. ನಿಮ್ಮಪ್ಪನಿಗೆ ಬೈದಿದ್ದೆಲ್ಲ ಬೈದೆ, ಹೊಸದಾಗಿ ಕೆಲವು ಹುಟ್ಟಿಸಿದೆ. ಎರಡೂ ದಡದಲ್ಲಿ ಜನ ನಿಂತು ನೋಡಿದರು, ಯಾರೂ ನಗಲಿಲ್ಲ. ಅವನು ಕತ್ತಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದ. ನನಗೆ ಅಳು ಬಂತು, ಅದನ್ನು ಕೆಮ್ಮು ಮಾಡಿಕೊಂಡೆ.

ನಾಲ್ಕನೆಯ ದಿನ ನಾನು ಹೇಳಿದೆ: ‘ಓಗೊಬಾರಾ, ನಿನ್ನ ಈರುಳ್ಳಿ ಎಷ್ಟು ಸಣ್ಣದೋ! ನಮ್ಮ ಕೆರೆ ಕಪ್ಪೆ ಇಡೋ ಮೊಟ್ಟೆ ಇದಕ್ಕಿಂತ ದೊಡ್ಡದು. ನಿಮ್ಮಪ್ಪ ನೋಡಿದ್ರೆ ಇನ್ನೊಂದು ಸಲ ಸಾಯ್ತಿದ್ದ.’

ಅವನು ಎದ್ದ. ಒಂದು ಈರುಳ್ಳಿ ಕಿತ್ತ. ಮಣ್ಣು ಸಮೇತ ನನ್ನ ತಲೆಗೆ ಗುರಿಯಿಟ್ಟು ಒಗೆದ, ಸರಿಯಾಗಿ ಹಣೆಗೆ ಬಿತ್ತು. ‘ತಗೋ, ತಿನ್ನು! ನಾರೋ ಮೀನಿಗಾದ್ರೂ ಒಂದು ರುಚಿ ಬರ್ಲಿ. ನನ್ನ ಜೀತದವ್ನು ನನ್ನ ನೀರಲ್ಲಿ ನಿಂತ್ಕೊಂಡು ನಂಗೇ ಬೈತಾನೆ!’ ಎಂದು ಕಿರುಚಿದ.

ಮೊದಲು ನಕ್ಕವನು ಬ್ರೆಹಿಮಾ. ಆಮೇಲೆ ಎರಡೂ ದಡ ನಕ್ಕವು. ಮೀನು ಹಿಡಿಯುವ ದಿನದವರೆಗೆ ಪಂಪು ನಿಲ್ಲುತ್ತದೆ. ಪಂಪನ್ನು ಹಳ್ಳದಿಂದ ಎತ್ತಿಕೊಟ್ಟದ್ದು ಬ್ರೆಹಿಮಾ, ಬಲೆ ಹೊಲಿಯಲು ಕೂತದ್ದು ಓಗೊಬಾರಾ. ಹೊಲಿಗೆ ಮಾತ್ರ ಅಸಹ್ಯವಾಗಿದೆ.

ಆ ಈರುಳ್ಳಿಯನ್ನು ಸಾರಿಗೆ ಹಾಕಿಸಿ ಸಜ್ಜೆ ಮುದ್ದೆಯ ಜೊತೆ ತಿಂದೆ. ಎದೆಯಲ್ಲಿ ಕಫ ಕಟ್ಟಿದೆ, ಅಷ್ಟೇ. ನನ್ನ ನೂರು ದಿನ ಮುಗಿಯಲು ಇನ್ನೂ ಇಪ್ಪತ್ತಾರು ದಿನ ಇದೆ. ಮುಗಿದ ಕೂಡಲೇ ನಿನ್ನ ಯಂತ್ರಕ್ಕೆ ಮೊದಲ ಬೈಗುಳ ನನ್ನದೇ.

ನಿನ್ನ ಒಡೆಯ,
ಲಾಸಿನಾ


ಬಮಾಕೊ
ಫೆಬ್ರವರಿ ೮

ಲಾಸಿನಾ ಚಿಕ್ಕಪ್ಪಾ,

ನಿಮ್ಮ ಎರಡೂ ಕಾಗದಗಳನ್ನು ಕಚೇರಿಗೆ ಒಯ್ದು ಮೇಜಿನ ಮೇಲಿಟ್ಟೆ. ನಮ್ಮ ಊರಿನ ಮಾತುಗಳನ್ನು ಪಟ್ಟಿಯಿಂದ ತೆಗೆಯಿರಿ ಎಂದೆ. ನಮ್ಮ ಮುಖ್ಯಸ್ಥೆ ಕೆಟ್ಟವಳಲ್ಲ. ಓದಿದಳು, ಈರುಳ್ಳಿ ಬಿದ್ದಲ್ಲಿ ನಕ್ಕಳು. ಆಮೇಲೆ ಕೇಳಿದಳು: ‘ಯಾರು ಪ್ರೀತಿಯಿಂದ ಬೈದ್ರು, ಯಾರು ದ್ವೇಷದಿಂದ ಬೈದ್ರು ಅಂತ ಯಂತ್ರಕ್ಕೆ ಹೇಗೆ ಹೇಳ್ಕೊಡ್ತೀಯ?’

‘ಮನೆತನದ ಹೆಸರು ನೋಡಿದ್ರೆ ಗೊತ್ತಾಗುತ್ತೆ. ಬೋಜೊ ದೋಗೋನನಿಗೆ ಬೈದ್ರೆ ಬಿಡಲಿ’ ಎಂದೆ.

‘ಹೆಸರು ನೋಡಿ ಯಾರು ಯಾವ ಜನ ಅಂತ ಗುರುತು ಹಿಡಿಯೋ ಯಂತ್ರ! ಈ ದೇಶದಲ್ಲಿ! ಅದು ನಾಳೆ ಯಾರ ಕೈಗೆ ಸಿಗುತ್ತೆ, ಹೇಳು?’

ಅವಳು ಹೇಳಿದ್ದು ಸರಿ, ನೀವು ಹೇಳಿದ್ದೂ ಸರಿ. ನಡುವೆ ನಿಂತು ನನ್ನ ಮೈಯೆಲ್ಲ ಉರಿಯುತ್ತಿದೆ. ಯಾರ ಮೇಲೆ ಎಂದು ಕೇಳಿದರೆ ಅದೂ ಗೊತ್ತಿಲ್ಲ. ನಿಮ್ಮ ಮೇಲೆ, ಅವಳ ಮೇಲೆ, ಮೂರು ದಿನ ಬಾಯಿ ಬಿಡದೆ ಕೂತ ಅಣ್ಣನ ಮೇಲೆ. ಹೆಚ್ಚಿನದು ನನ್ನ ಮೇಲೆಯೇ ಇರಬೇಕು.

ಕೆಮ್ಮಿಗೆ ಆಸ್ಪತ್ರೆಗೆ ಹೋಗಿ. ಊರಿಗೆ ಬರಬೇಕು ಎಂದುಕೊಂಡಿದ್ದೇನೆ. ಬಂದರೆ ಯಾವ ಮುಖ ಹೊತ್ತು ನಿಮ್ಮ ಬಾಗಿಲಲ್ಲಿ ನಿಲ್ಲಲಿ ಎಂದು ಹೊಳೆಯುತ್ತಿಲ್ಲ.

ಯಾತಿಮೆ


ಕೊರೊಬುಗು
ಮಾರ್ಚ್ ೩

ಮಾನ್ಯ ಯಾತಿಮೆ ಗಿಂದೋ ಅವರಿಗೆ,

ನನ್ನ ತಂದೆ ಲಾಸಿನಾ ಕರಾಬೆಂತಾ ಅವರು ಫೆಬ್ರವರಿ ಹದಿನೇಳರಂದು ತೀರಿಕೊಂಡ ವಿಷಯ ತಮಗೆ ತಿಳಿದಿದೆ. ತಾವು ನನ್ನ ಫೋನಿಗೆ ಕಳುಹಿಸಿದ ಸಂದೇಶ ತಲುಪಿತು. ‘ಗೌರವಾನ್ವಿತ ಲಾಸಿನಾ ಕರಾಬೆಂತಾ ಅವರ ನಿಧನಕ್ಕೆ ತೀವ್ರ ಸಂತಾಪಗಳು. ತಮ್ಮ ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಸಿಗಲಿ.’ ಅದನ್ನು ನನ್ನ ತಾಯಿಗೆ ಓದಿ ಹೇಳಿದೆ. ಅವರು ‘ದೊಮೊನ ಮಗಳಾ ಇದು?’ ಎಂದು ಕೇಳಿದರು.

ತಮ್ಮ ಅಣ್ಣ ಬಂದಿದ್ದರು. ಬಾಗಿಲಲ್ಲಿ ನಿಂತು ಬೈಯಲೆಂದು ಬಾಯಿ ತೆರೆದರು. ‘ನನ್ನಿಂದಾಗಿ ಆ ಚಳಿಯಲ್ಲಿ ನಿಂತರು’ ಎಂದು ಹೇಳಿ ಅತ್ತು ಹೋದರು. ಹೀಗಾಗಿ ನನ್ನ ತಂದೆಯವರನ್ನು ಒಬ್ಬರೂ ಬೈಯದೆ ಮಣ್ಣು ಮಾಡಲಾಯಿತು.

ಮೂರನೆಯ ದಿನದ ಪ್ರಾರ್ಥನೆಯ ಹೊತ್ತಿಗೆ ತಂದೆಯವರ ಫೋನು ಸದ್ದು ಮಾಡಿತು. ತಮ್ಮ ತೋಗುನಾದ ಸಂದೇಶ: ‘ನಿಮ್ಮ ನೂರು ದಿನಗಳು ಮುಗಿದಿವೆ. ಈಗ ನೀವು ಮತ್ತೆ ಮಾತಾಡಬಹುದು. ಸ್ವಾಗತ.’ ಜೊತೆಗೆ ಒಂದು ಹಸಿರು ಎಲೆ ಇತ್ತು.

ನಲವತ್ತನೆಯ ದಿನ ಈ ತಿಂಗಳ ಇಪ್ಪತ್ತೆಂಟರಂದು ಇದೆ. ತಮಗೆ ಕೆಲಸ ಬಹಳ ಇರುವುದರಿಂದ ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
ಬ್ರೆಹಿಮಾ ಕರಾಬೆಂತಾ


ಬಮಾಕೊ
ಮಾರ್ಚ್ ೧೧

ಕೊಳೆತ ಮೀನಿನ ಮಗ ಬ್ರೆಹಿಮಾಗೆ,

ಬರಬೇಡ ಎನ್ನಲು ನೀನು ಯಾರೋ? ನನ್ನ ಜೀತದವನೊಬ್ಬ ನನ್ನನ್ನು ಕೇಳದೆ ಸತ್ತಿದ್ದಾನೆ. ನಲವತ್ತು ವರ್ಷ ನಮ್ಮ ಮನೆಯ ಸಜ್ಜೆ ಮುದ್ದೆ ತಿಂದು, ನಮ್ಮ ಚಹಾದ ಮೂರೂ ಸುತ್ತು ಕುಡಿದು, ಕೆಲಸ ಮಾತ್ರ ಮಾಡದೆ, ಕೊನೆಗೆ ಚಳಿಯ ನೆಪ ಹೇಳಿ ಮಲಗಿಬಿಟ್ಟಿದ್ದಾನೆ. ಸುಮ್ಮನೆ ಬಿಡುತ್ತೇನೆ ಎಂದುಕೊಂಡೆಯಾ? ಇಪ್ಪತ್ತೇಳರ ಬಸ್ಸಿಗೆ ಹತ್ತುತ್ತೇನೆ. ಓಗೊಬಾರಾ ಎಂಬ ಆ ಅಳುಬುರುಕನನ್ನು ಕಿವಿ ಹಿಡಿದು ಎಳೆದುಕೊಂಡು ಬರುತ್ತೇನೆ. ನಿಮ್ಮ ಬಾಗಿಲಿಗೆ ಅಡ್ಡ ಕೂರುತ್ತೇವೆ. ನಾವು ಬೈದು ಮುಗಿಸುವವರೆಗೆ ನಿಮ್ಮ ನಲವತ್ತನೆಯ ದಿನದ ಊಟ ಯಾರ ಗಂಟಲಲ್ಲೂ ಇಳಿಯಬಾರದು.

ಆ ಸಂತಾಪದ ಸಂದೇಶ ಯಂತ್ರ ಬರೆದದ್ದಲ್ಲ. ನಾನೇ ಬರೆದದ್ದು, ನನ್ನ ಕೈಯಿಂದ. ನಾಚಿಕೆಯಾಗಿತ್ತು ಕಣೋ. ನಾಚಿಕೆಯಾದಾಗ ನನಗೆ ಸಭ್ಯ ಮಾತು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ನನ್ನ ಬೈಗುಳಗಳನ್ನೆಲ್ಲ ನಾನೇ ಪಟ್ಟಿಯಲ್ಲಿ ಹೂತಿಟ್ಟಿದ್ದೆನಲ್ಲ. ನಿಮ್ಮವ್ವ ಕೇಳಿದ ಪ್ರಶ್ನೆಯನ್ನು ದಿನಾ ಕೇಳಿಕೊಳ್ಳುತ್ತಿದ್ದೇನೆ.

ನಿನ್ನೆ ಆ ಪಟ್ಟಿಯಲ್ಲಿದ್ದ ನಮ್ಮೂರಿನ ಮಾತುಗಳನ್ನೆಲ್ಲ ಅಳಿಸಿಹಾಕಿದೆ. ಯಾರನ್ನೂ ಕೇಳಲಿಲ್ಲ. ಸೋಮವಾರ ನನ್ನನ್ನು ಕರೆದು ಕೇಳುತ್ತಾರೆ, ಬಹುಶಃ ಮನೆಗೆ ಕಳಿಸುತ್ತಾರೆ. ಕಳಿಸಲಿ. ಅಳಿಸುವ ಮೊದಲು ಒಂದೊಂದನ್ನೂ ಕಾಗದದಲ್ಲಿ ಬರೆದುಕೊಂಡಿದ್ದೇನೆ. ನಿಮ್ಮಪ್ಪನ ಗೋರಿಯ ಮುಂದೆ ನಿಂತು ಎಲ್ಲವನ್ನೂ ಓದುತ್ತೇನೆ, ಅವನು ಎದ್ದು ಉತ್ತರ ಕೊಡುವವರೆಗೆ.

ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕ್ಷಮೆ ಕೇಳುವುದು ಹೊರಗಿನವರ ಹತ್ತಿರ. ನನಗೆ ಇನ್ನೊಂದು ಸಲ ‘ಮಾನ್ಯ’ ಎಂದು ಬರೆದರೆ ಮಾತ್ರ ನಿನ್ನ ಕೈ ಮುರಿಯುತ್ತೇನೆ. ಅಷ್ಟು ದೂರ ನನ್ನನ್ನು ಕಳಿಸಬೇಡ, ಬ್ರೆಹಿಮಾ. ಬೇಡಿಕೊಳ್ಳುತ್ತೇನೆ.

ನಿಮ್ಮ ಮನೆಯವರೆಲ್ಲರ ಒಡತಿ,
ಯಾತಿಮೆ


ಕೊರೊಬುಗು
ಮಾರ್ಚ್ ೧೯

ಬಂಡೆಯ ಹಲ್ಲಿಗೆ,

ಬರುವಾಗ ನಿನ್ನ ಈರುಳ್ಳಿ ನೀನೇ ತಾ. ಸತ್ತವನಿಗೆ ನಿನ್ನ ಅಣ್ಣನ ಈರುಳ್ಳಿಯೇ ಸಾಕಾಗಿ ಹೋಗಿತ್ತು. ಬೇಗ ಬಾ, ಪಾತ್ರೆ ತೊಳೆಯುವುದು ಬಹಳ ಇದೆ, ಅವ್ವ ನಿನಗೆಂದೇ ಉಳಿಸಿದ್ದಾಳೆ.

ನಿನ್ನ ಹೊಸ ಒಡೆಯ,
ಬ್ರೆಹಿಮಾ